ಓದುಗರ ಪ್ರಶ್ನೆ, ನಮ್ಮ ಉತ್ತರ: ಸಾಕೆಟ್ ಸುಮ್ಮನಿದೆ, ಮಾಹಿತಿ ಒಳಗೆ ಕುಳಿತಿದೆ

ಪ್ರಶ್ನೆ: ಮಾನ್ಯರೇ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಾವು ನಾಲ್ವರು ಸೇರಿ ಚಿಕ್ಕ ಸಾಫ್ಟ್‌ವೇರ್ ಕಚೇರಿ ನಡೆಸುತ್ತೇವೆ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದಕ್ಕೆ ಚೀಲಗಳ ತೂಕವನ್ನು ಎಲೆಕ್ಟ್ರಾನಿಕ್ ತಕ್ಕಡಿಯಿಂದ ನೇರವಾಗಿ ಸರ್ವರ್‌ಗೆ ಕಳಿಸುವ ವ್ಯವಸ್ಥೆಯನ್ನು ಮಾಡಿಕೊಟ್ಟಿದ್ದೇವೆ. ಚೀಲಕ್ಕೆ 180 ಬೈಟಿನ ಒಂದು ಸಂದೇಶ. 60 ಚೀಲಗಳಾದ ಮೇಲೆ ಎಲ್ಲವನ್ನೂ ಒಂದೇ ಕಂತಿನಲ್ಲಿ ಕಳಿಸುತ್ತೇವೆ. ಸರ್ವರ್ ಸಿ ಭಾಷೆಯಲ್ಲಿದೆ, ಯಾವ ಸಂಪರ್ಕದಲ್ಲಿ ಮಾಹಿತಿ ಬಂದಿದೆ ಎಂದು ತಿಳಿಸುವ ಲಿನಕ್ಸ್‌ನ ಈಪೋಲ್ ಬಳಸುತ್ತದೆ, ಒಂದು ಸಲಕ್ಕೆ 4096 ಬೈಟ್ ಓದುತ್ತದೆ. ಸಾದಾ ಟಿಸಿಪಿ ಇರುವವರೆಗೆ ಯಾವ ತೊಂದರೆಯೂ ಇರಲಿಲ್ಲ. ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಸೇರಿಸಿ, ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವ ಟಿಎಲ್‌ಎಸ್ ಮಾಡಿದ ಮೇಲೆ ಪ್ರತಿ ಕಂತಿನ ಮೊದಲ 22 ಚೀಲಗಳು ಮಾತ್ರ ಪರದೆಯ ಮೇಲೆ ಕಾಣುತ್ತವೆ, ಉಳಿದವು ಮುಂದಿನ ಕಂತು ಬಂದಾಗ ಕಾಣುತ್ತವೆ. ದಿನದ ಕೊನೆಯ ಕಂತಿನ ಉಳಿದ ಚೀಲಗಳಂತೂ ಅಂಗಡಿಯವರು ಕಂಪ್ಯೂಟರ್ ಮುಚ್ಚುವವರೆಗೆ ಬರುವುದೇ ಇಲ್ಲ. ನೆಟ್‌ವರ್ಕ್ ನಿಧಾನವೆಂದು ಹೇಳಿ ಎರಡು ವಾರ ಕಳೆದಿದ್ದೇವೆ. ದೋಷ ಎಲ್ಲಿದೆ?

ಉತ್ತರ: ನಿಮ್ಮ ಪತ್ರದಲ್ಲಿರುವ 22 ಎಂಬ ಸಂಖ್ಯೆಯೇ ಉತ್ತರವನ್ನು ಹೇಳಿಬಿಟ್ಟಿದೆ. ನೆಟ್‌ವರ್ಕ್ ನಿಧಾನವಾಗಿದ್ದರೆ ಒಮ್ಮೆ ಹದಿನೈದು, ಒಮ್ಮೆ ನಲವತ್ತು ಚೀಲಗಳು ಬರುತ್ತಿದ್ದವು. ಪ್ರತಿ ಸಲವೂ 22ಕ್ಕೇ ನಿಲ್ಲುವಷ್ಟು ಶಿಸ್ತು ನೆಟ್‌ವರ್ಕಿಗೆ ಇರುವುದಿಲ್ಲ. 4096 ಬೈಟಿನಲ್ಲಿ 180 ಬೈಟಿನ 22 ಸಂದೇಶಗಳು ಪೂರ್ತಿಯಾಗಿ ಹಿಡಿಯುತ್ತವೆ, 23ನೆಯದರ 136 ಬೈಟ್ ಬರುತ್ತದೆ. ಅಂದರೆ ನಿಮ್ಮ ಪ್ರೋಗ್ರಾಂ ಒಂದು ಸಲ ಓದಿ ಮಲಗುತ್ತಿದೆ, ಉಳಿದ 6704 ಬೈಟುಗಳನ್ನು ಕೇಳುತ್ತಲೇ ಇಲ್ಲ.

ಹಾಗಿದ್ದರೆ ಅದೇ ಪ್ರೋಗ್ರಾಂ ಸಾದಾ ಟಿಸಿಪಿಯಲ್ಲಿ ಹೇಗೆ ನಡೆಯಿತು ಎಂದು ನೀವು ಕೇಳಬಹುದು. ಅಲ್ಲಿ 4096 ಬೈಟ್ ತೆಗೆದುಕೊಂಡ ಮೇಲೂ ಉಳಿದದ್ದು ಕರ್ನಲ್‌ನ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನ, ಬಫರಿನಲ್ಲಿಯೇ (ತಾತ್ಕಾಲಿಕ ಸಂಗ್ರಹದಲ್ಲಿ) ಇರುತ್ತಿತ್ತು. ಅದನ್ನು ಕಂಡ ಈಪೋಲ್ ನಿಮ್ಮನ್ನು ತಕ್ಷಣ ಮತ್ತೆ ಎಬ್ಬಿಸುತ್ತಿತ್ತು. ಟಿಎಲ್‌ಎಸ್‌ನಲ್ಲಿ ಹಾಗಾಗುವುದಿಲ್ಲ. ನಿಮ್ಮ 10,800 ಬೈಟುಗಳ ಕಂತು ಒಂದೇ ರೆಕಾರ್ಡ್ (ಟಿಎಲ್‌ಎಸ್ ಕಟ್ಟುವ ಮೊಹರಾದ ಪೊಟ್ಟಣ) ಆಗಿ ಬರುತ್ತದೆ, ಏಕೆಂದರೆ ಒಂದು ರೆಕಾರ್ಡಿನಲ್ಲಿ 16,384 ಬೈಟುಗಳವರೆಗೆ ಇರಬಹುದು. ರೆಕಾರ್ಡಿನ ಕೊನೆಯಲ್ಲಿ ಅದರ ಸಾಚಾತನವನ್ನು ತೋರಿಸುವ ಮುದ್ರೆಯಿರುವುದರಿಂದ, ಅದು ಪೂರ್ತಿ ಬಂದು ಮುದ್ರೆ ತಾಳೆಯಾಗುವವರೆಗೆ ಲೈಬ್ರರಿ ನಿಮಗೆ ಒಂದು ಬೈಟನ್ನೂ ಕೊಡುವಂತಿಲ್ಲ. ಆದ್ದರಿಂದ ಲೈಬ್ರರಿ ಇಡೀ ರೆಕಾರ್ಡನ್ನು ಕರ್ನಲ್‌ನಿಂದ ಎತ್ತಿಕೊಂಡು, ಬಿಡಿಸಿ, ತನ್ನ ಬಳಿ ಇಟ್ಟುಕೊಂಡು, ನೀವು ಕೇಳಿದ 4096 ಬೈಟನ್ನು ಮಾತ್ರ ಕೈಗೆ ಕೊಡುತ್ತದೆ. ಆಗ ಕರ್ನಲ್‌ನ ಬಫರ್ ಖಾಲಿ. ಬ್ಯಾಡಗಿಯ ಮಾತಿನಲ್ಲಿಯೇ ಹೇಳುವುದಾದರೆ, ಈಪೋಲ್ ಎಂಬುದು ಮಾರುಕಟ್ಟೆಯ ಗೇಟಿನ ಕಾವಲುಗಾರನಿದ್ದಂತೆ. ಹೊಸ ಲಾರಿ ಬಂದರೆ ಕೂಗುತ್ತಾನೆ, ಇಳಿಸಿ ಅಂಗಡಿಯೊಳಗೆ ಒಟ್ಟಿದ ಚೀಲಗಳಲ್ಲಿ ಎಷ್ಟು ತೂಗಿದ್ದಾಯಿತು, ಎಷ್ಟು ಉಳಿಯಿತು ಎಂಬ ಲೆಕ್ಕ ಅವನದಲ್ಲ. ಮುಂದಿನ ಕಂತು ಬಂದಾಗ ಅವನು ಕೂಗುತ್ತಾನೆ, ನೀವು ಎದ್ದು ಹಳೆಯ ಚೀಲಗಳನ್ನು ಮೊದಲು ತೂಗುತ್ತೀರಿ, ಹೊಸದರಲ್ಲಿ 22 ತೂಗಿ ಮತ್ತೆ ಮಲಗುತ್ತೀರಿ. ದಿನದ ಕೊನೆಯಲ್ಲಿ ಸಂಪರ್ಕ ಮುಚ್ಚುವ ಸಂದೇಶವೇ ಆ ಕೊನೆಯ ಲಾರಿ.

ಪರಿಹಾರ ಸರಳವಾಗಿದೆ: ಓದಲು ಸೂಚನೆ ಬಂದಾಗ ‘ಎಸ್‌ಎಸ್‌ಎಲ್ ರೀಡ್’ ಅನ್ನು ಒಂದು ಸಲ ಕರೆದು ನಿಲ್ಲಿಸದೆ, ಅದು ‘ವಾಂಟ್ ರೀಡ್’ (ಕೆಳಗಿನಿಂದ ಇನ್ನಷ್ಟು ಬೈಟು ಬರಬೇಕು) ಎಂದು ಹೇಳುವವರೆಗೆ ಕರೆಯುತ್ತಲೇ ಇರಬೇಕು. ಕೆಲವರು ಇದರ ಬದಲು ‘ಎಸ್‌ಎಸ್‌ಎಲ್ ಪೆಂಡಿಂಗ್’ ಕೇಳಿ, ಸೊನ್ನೆ ಬಂದರೆ ನಿಲ್ಲಿಸುತ್ತಾರೆ. ನಿಮ್ಮ ಸಂದರ್ಭಕ್ಕೆ ಅದೂ ಸಾಕು. ಆದರೆ ಅದು ಈಗಾಗಲೇ ಬಿಡಿಸಿಟ್ಟ ರೆಕಾರ್ಡಿನ ಬೈಟುಗಳನ್ನಷ್ಟೇ ಎಣಿಸುತ್ತದೆ. ಮುಂಗಡವಾಗಿ ಓದಿಕೊಳ್ಳುವ ‘ರೀಡ್ ಅಹೆಡ್’ ಸೌಲಭ್ಯವನ್ನು ಚಾಲೂ ಮಾಡಿದ್ದರೆ, ಇನ್ನೂ ಬಿಡಿಸದ ರೆಕಾರ್ಡುಗಳು ಲೈಬ್ರರಿಯೊಳಗೆ ಬಿದ್ದಿದ್ದರೂ ಅದು ಸೊನ್ನೆ ಎನ್ನಬಹುದು. ಓಪನ್‌ಎಸ್‌ಎಸ್‌ಎಲ್‌ನ 1.1.0 ಆವೃತ್ತಿಯಲ್ಲಿ ಬಂದ ‘ಎಸ್‌ಎಸ್‌ಎಲ್ ಹ್ಯಾಸ್ ಪೆಂಡಿಂಗ್’ ಎರಡನ್ನೂ ನೋಡುತ್ತದೆಯಾದರೂ, ಒಳಗೆ ಅರ್ಧ ರೆಕಾರ್ಡ್ ಮಾತ್ರ ಇದ್ದಾಗಲೂ ಹೌದೆನ್ನುತ್ತದೆ. ಹೌದೆಂದು ನಂಬಿ ಸುತ್ತುತ್ತ ಕುಳಿತರೆ ಇನ್ನೊಂದು ತೊಂದರೆ. ಆದ್ದರಿಂದ ಕೇಳಿ ತಿಳಿಯುವುದಕ್ಕಿಂತ ಓದಿ ತಿಳಿಯುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಒಬ್ಬ ಗಿರಾಕಿಯ ಆವಕ ಮುಗಿಯುವುದೇ ಇಲ್ಲವೆಂದಾದರೆ ಉಳಿದವರು ಕಾಯಬೇಕಾಗುತ್ತದೆ. ಅದಕ್ಕೆ ಪ್ರತಿ ಸುತ್ತಿನಲ್ಲಿ ಇಷ್ಟೇ ಓದು ಎಂಬ ಮಿತಿಯನ್ನು ಹಾಕಿ, ಮಿತಿ ಮುಟ್ಟಿದ ಸಂಪರ್ಕವನ್ನು ನಿಮ್ಮದೇ ಒಂದು ಪಟ್ಟಿಯಲ್ಲಿ ಬರೆದಿಡಿ. ಆ ಪಟ್ಟಿ ಖಾಲಿಯಿಲ್ಲದಿರುವಾಗ ಈಪೋಲ್ ಅನ್ನು ಕಾಯಲು ಬಿಡದೆ ಸೊನ್ನೆ ಮಿಲಿಸೆಕೆಂಡಿನ ಅವಧಿಯೊಂದಿಗೆ ಕರೆಯಿರಿ.

ಇದರ ತಿರುಗುಮುರುಗೂ ನಡೆಯುತ್ತದೆ ಎಂಬುದನ್ನು ಮರೆಯಬೇಡಿ. ಎಥರ್ನೆಟ್‌ನ ಒಂದು ಪ್ಯಾಕೆಟಿನಲ್ಲಿ ಸುಮಾರು 1460 ಬೈಟ್ ಹಿಡಿಯುವುದರಿಂದ ನಿಮ್ಮ ಕಂತು ಕಡಿಮೆಯೆಂದರೂ ಎಂಟು ಪ್ಯಾಕೆಟುಗಳಲ್ಲಿ ಬರುತ್ತದೆ. ಮೊದಲ ಪ್ಯಾಕೆಟ್ ಮುಟ್ಟಿದೊಡನೆ ಈಪೋಲ್ ಎಬ್ಬಿಸುತ್ತದೆ, ಆದರೆ ರೆಕಾರ್ಡ್ ಪೂರ್ತಿಯಾಗಿಲ್ಲವಾದ್ದರಿಂದ ‘ವಾಂಟ್ ರೀಡ್’ ಎಂಬ ಉತ್ತರ ಬರುತ್ತದೆ. ಟಿಎಲ್‌ಎಸ್ 1.3ರಲ್ಲಿ ಹ್ಯಾಂಡ್‌ಶೇಕ್ (ಆರಂಭದಲ್ಲಿ ಎರಡೂ ಕಡೆಯವರು ಕೀಲಿ ಒಪ್ಪಿಕೊಳ್ಳುವ ಮಾತುಕತೆ) ಮುಗಿದ ಮೇಲೆ ಸರ್ವರ್ ಕಳಿಸುವ, ಮುಂದಿನ ಸಂಪರ್ಕವನ್ನು ಬೇಗ ಕಟ್ಟಲು ನೆರವಾಗುವ ಸೆಷನ್ ಟಿಕೆಟ್ಟುಗಳೂ ಹೀಗೆಯೇ: ತಕ್ಕಡಿಯ ಕಡೆಯ ಪ್ರೋಗ್ರಾಮಿಗೆ ಓದುವ ಸೂಚನೆ ಬರುತ್ತದೆ, ಓದಲು ಹೋದರೆ ಅದರ ಪಾಲಿಗೆ ಏನೂ ಇರುವುದಿಲ್ಲ. ಇದನ್ನು ದೋಷವೆಂದು ಬಗೆದು ಸಂಪರ್ಕ ಕಡಿದುಹಾಕುವ ಪ್ರೋಗ್ರಾಂಗಳನ್ನು ನಾನು ಕಂಡಿದ್ದೇನೆ. ಒಂದನ್ನು ನಾನೇ ಬರೆದಿದ್ದೆ. ಸಾಕೆಟ್ (ಸಂಪರ್ಕದ ಕರ್ನಲ್ ಕಡೆಯ ತುದಿ) ನಾನ್‌ಬ್ಲಾಕಿಂಗ್ (ಮಾಹಿತಿ ಇಲ್ಲದಿದ್ದರೆ ಕಾಯದೆ ಮರಳುವಂತಹದು) ಆಗಿಲ್ಲದಿದ್ದರೆ ಪರಿಣಾಮ ಇನ್ನೂ ಕೆಟ್ಟದ್ದು: ಸೂಚನೆ ಬಂದಿದೆಯೆಂದು ಓದಲು ಹೋದ ಸರ್ವರ್, ಉಳಿದ ಪ್ಯಾಕೆಟುಗಳಿಗಾಗಿ ಅಲ್ಲಿಯೇ ನಿಂತುಬಿಡುತ್ತದೆ, ಉಳಿದ ಅಂಗಡಿಗಳೆಲ್ಲ ಅದರ ಹಿಂದೆ ಸಾಲುಗಟ್ಟುತ್ತವೆ.

ಪ್ರಶ್ನೆ: ಗದಗಿನಲ್ಲಿದ್ದುಕೊಂಡು ಹೊರಗಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತೇನೆ. ‘ಎಸ್‌ಎಸ್‌ಎಲ್ ರೈಟ್’ ಕರೆದರೆ ಕೆಲವೊಮ್ಮೆ ‘ವಾಂಟ್ ರೀಡ್’ ಎಂದು ಬರುತ್ತದೆ. ಬರೆಯಲು ಹೋದವನಿಗೆ ಓದು ಎನ್ನುವುದು ಲೈಬ್ರರಿಯ ತಪ್ಪಲ್ಲವೇ? ಇನ್ನೊಂದು, ಓದು ಬರಹ ಎರಡಕ್ಕೂ ಈಪೋಲ್‌ನಲ್ಲಿ ಹೆಸರು ಹಚ್ಚಿದರೆ ಸಿಪಿಯು ನೂರಕ್ಕೆ ಏರುತ್ತದೆ. ಮಧ್ಯೆ ಮಧ್ಯೆ ‘ಬ್ಯಾಡ್ ರೈಟ್ ರಿಟ್ರೈ’ ಎಂಬ ದೋಷ ಬಂದು ಸಂಪರ್ಕ ಕಡಿದುಹೋಗುತ್ತದೆ.

ಉತ್ತರ: ತಪ್ಪಲ್ಲ. ನೀವು ಮೇಲಿನ ಪದರದಲ್ಲಿ ಬರೆಯುತ್ತೀರಿ. ಆ ಬರಹ ಸಾಗಲು ಕೆಳಗಿನ ಸಾಕೆಟ್ಟಿನಲ್ಲಿ ಏನು ನಡೆಯಬೇಕು ಎಂಬುದನ್ನು ಟಿಎಲ್‌ಎಸ್ ನಿರ್ಧರಿಸುತ್ತದೆ. ಹೊಸ ಸಂಪರ್ಕದಲ್ಲಿ ನೇರವಾಗಿ ಬರೆಯಲು ಹೊರಟರೆ ಮೊದಲು ಹ್ಯಾಂಡ್‌ಶೇಕ್ ಆಗಬೇಕು, ಹ್ಯಾಂಡ್‌ಶೇಕಿಗೆ ಎದುರಿನವರ ಉತ್ತರ ಓದಲೇಬೇಕು. 2008ರ ಟಿಎಲ್‌ಎಸ್ 1.2ರಲ್ಲಿ ನಡುವೆ ಮತ್ತೊಮ್ಮೆ ಹ್ಯಾಂಡ್‌ಶೇಕ್ ಮಾಡುವ ಅವಕಾಶವಿದ್ದುದರಿಂದ ಇದು ಯಾವ ಗಳಿಗೆಯಲ್ಲಾದರೂ ಎದುರಾಗಬಹುದಿತ್ತು. 2018ರ ಟಿಎಲ್‌ಎಸ್ 1.3 ಆ ಪದ್ಧತಿಯನ್ನು ಕೈಬಿಟ್ಟಿತು. ಆದರೂ ಕೀಲಿ ಬದಲಾಯಿಸುವ ‘ಕೀ ಅಪ್‌ಡೇಟ್’ ಎಂಬ ಸಂದೇಶ ಉಳಿದಿದೆ. ನೀನೂ ಬದಲಾಯಿಸು ಎಂದು ಎದುರಿನವರು ಕೇಳಿದರೆ, ನಿಮ್ಮ ಮುಂದಿನ ಮಾಹಿತಿಯನ್ನು ಕಳಿಸುವ ಮೊದಲು ನಿಮ್ಮ ಕಡೆಯಿಂದಲೂ ಅಂತಹದೇ ಸಂದೇಶ ಹೋಗಬೇಕು. ಹೀಗೆ ಓದಿನ ಬೆನ್ನಿಗೆ ಬರಹ ಹುಟ್ಟಿಕೊಳ್ಳುತ್ತದೆ. ಈಗ 1.3 ಇದೆ, ಹಳೆಯ ಎಚ್ಚರಿಕೆಗಳು ಬೇಡ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ಇದನ್ನು ನಿಭಾಯಿಸಲು ಪ್ರತಿ ಸಂಪರ್ಕಕ್ಕೆ ಎರಡು ಬೇರೆ ಬೇರೆ ನೆನಪುಗಳನ್ನು ಇಟ್ಟುಕೊಳ್ಳಬೇಕು: ನನ್ನ ಓದು ಯಾವುದಕ್ಕಾಗಿ ಕಾಯುತ್ತಿದೆ, ನನ್ನ ಬರಹ ಯಾವುದಕ್ಕಾಗಿ ಕಾಯುತ್ತಿದೆ. ಬರಹವು ‘ವಾಂಟ್ ರೀಡ್’ ಎಂದಿದ್ದರೆ, ಸಾಕೆಟ್ ಓದಲು ಸಿದ್ಧವಾಯಿತು ಎಂಬ ಸೂಚನೆ ಬಂದಾಗ ಮರಳಿ ಕರೆಯಬೇಕಾದದ್ದು ‘ಎಸ್‌ಎಸ್‌ಎಲ್ ರೈಟ್’ ಅನ್ನು. ಸೂಚನೆಯ ಹೆಸರು ನೋಡಿ ಕರೆಯನ್ನು ಆರಿಸುವುದೇ ಹೆಚ್ಚಿನವರು ಮಾಡುವ ತಪ್ಪು. ಸೂಚನೆ ಸಾಕೆಟ್ಟಿನದು, ಕರೆ ನಿಮ್ಮದು, ಇವೆರಡರ ನಡುವಿನ ಗಂಟನ್ನು ಆ ನೆನಪು ಮಾತ್ರ ಬಲ್ಲದು. ಇದೇ ನೆನಪು ನಿಮ್ಮ ಸಿಪಿಯು ತೊಂದರೆಗೂ ಮದ್ದು. ಆರೋಗ್ಯವಾಗಿರುವ ಸಾಕೆಟ್ ಬಹುಪಾಲು ಸಮಯ ಬರೆಯಲು ಸಿದ್ಧವಾಗಿಯೇ ಇರುತ್ತದೆ, ಆದ್ದರಿಂದ ಬರಹಕ್ಕೆ ಸದಾ ಹೆಸರು ಹಚ್ಚಿಟ್ಟರೆ ಈಪೋಲ್ ಒಂದು ಕ್ಷಣವೂ ಮಲಗುವುದಿಲ್ಲ. ಓದು ಅಥವಾ ಬರಹ ಇವೆರಡರಲ್ಲಿ ಯಾವುದಾದರೂ ‘ವಾಂಟ್ ರೈಟ್’ ಎಂದಾಗ ಮಾತ್ರ ಹೆಸರು ಹಚ್ಚಿ, ಕೆಲಸ ಮುಗಿದೊಡನೆ ತೆಗೆದುಬಿಡಿ.

‘ಬ್ಯಾಡ್ ರೈಟ್ ರಿಟ್ರೈ’ಗೆ ಕಾರಣ ಬೇರೆ. ನೀವು ಕೊಟ್ಟ ಮಾಹಿತಿಯನ್ನು ಲೈಬ್ರರಿ ಆಗಲೇ ಗೂಢಲಿಪಿಗೆ ಇಳಿಸಿ, ಕ್ರಮಸಂಖ್ಯೆಯೊಂದಿಗೆ ಮುದ್ರೆ ಒತ್ತಿ, ಅದರಲ್ಲಿ ಒಂದಿಷ್ಟನ್ನು ತಂತಿಗೆ ಬಿಟ್ಟಾಗಿರಬಹುದು. ಅಂಚೆಗೆ ಹಾಕಿದ ಲಕೋಟೆಯಂತೆ ಅದನ್ನು ಮರಳಿ ಪಡೆದು ತಿದ್ದುವ ಹಾದಿಯಿಲ್ಲ. ಆದ್ದರಿಂದ ಎರಡನೆಯ ಸಲ ಕರೆಯುವಾಗ ಅದೇ ಬಫರ್, ಅದೇ ಉದ್ದ, ಅದೇ ಬೈಟುಗಳನ್ನು ಕೊಡಬೇಕೆಂಬುದು ಅದರ ಕರಾರು. ನಿಮ್ಮ ಪ್ರೋಗ್ರಾಂ ಈ ನಡುವೆ ಹೊಸ ಸಂದೇಶವೊಂದನ್ನು ಸೇರಿಸಿ ಬಫರನ್ನು ದೊಡ್ಡದು ಮಾಡುತ್ತಿರಬೇಕು, ಆಗ ಅದರ ವಿಳಾಸ ಬದಲಾಗುತ್ತದೆ. ‘ಅಕ್ಸೆಪ್ಟ್ ಮೂವಿಂಗ್ ರೈಟ್ ಬಫರ್’ ಎಂಬ ಮೋಡ್ ಹಾಕಿದರೆ ವಿಳಾಸ ಬದಲಾದರೂ ಅಡ್ಡಿಯಿಲ್ಲ, ಒಳಗಿನ ಬೈಟುಗಳು ಮಾತ್ರ ಮೊದಲಿನವೇ ಆಗಿರಬೇಕು. ‘ಎನೇಬಲ್ ಪಾರ್ಶಿಯಲ್ ರೈಟ್’ ಅನ್ನೂ ಹಾಕುವುದು ಒಳ್ಳೆಯದು: ಅದಿಲ್ಲದಿದ್ದರೆ ನೀವು ಕೊಟ್ಟದ್ದೆಲ್ಲ ಹೋಗುವವರೆಗೆ ಲೈಬ್ರರಿ ‘ಆಯಿತು’ ಎನ್ನುವುದಿಲ್ಲ, ಅದಿದ್ದರೆ ಒಂದೊಂದು ರೆಕಾರ್ಡ್ ಹೋದಂತೆ ಲೆಕ್ಕ ಕೊಡುತ್ತದೆ.

ನೀವು ಕೇಳದಿದ್ದರೂ ಒಂದು ಮಾತು. ‘ಎಸ್‌ಎಸ್‌ಎಲ್ ಗೆಟ್ ಎರರ್’ ನಿಮ್ಮ ಕರೆಯ ಫಲವನ್ನು ಮಾತ್ರವಲ್ಲದೆ ಆ ಥ್ರೆಡ್ಡಿನ (ಪ್ರೋಗ್ರಾಮಿನೊಳಗಿನ ಒಂದು ಕೆಲಸದ ಎಳೆಯ) ದೋಷಗಳ ಸಾಲನ್ನೂ ನೋಡಿ ತೀರ್ಪು ಕೊಡುತ್ತದೆ. ಅದೇ ಥ್ರೆಡ್ಡಿನಲ್ಲಿ ಸ್ವಲ್ಪ ಮೊದಲು ಇನ್ನಾವುದೋ ಸಂಪರ್ಕ ಕೆಟ್ಟು ಅದರ ದೋಷ ಸಾಲಿನಲ್ಲಿಯೇ ಉಳಿದಿದ್ದರೆ, ಬರಿಯ ‘ವಾಂಟ್ ರೀಡ್’ ಬರಬೇಕಾದಲ್ಲಿ ದೊಡ್ಡ ದೋಷವೆಂದು ವರದಿಯಾಗಿ, ಏನೂ ಅರಿಯದ ಈ ಸಂಪರ್ಕಕ್ಕೆ ಶಿಕ್ಷೆಯಾಗುತ್ತದೆ. ಪ್ರತಿ ಓದು ಬರಹಕ್ಕೆ ಮೊದಲು ಆ ಸಾಲನ್ನು ಖಾಲಿ ಮಾಡಿಕೊಳ್ಳಿ.

ಪ್ರಶ್ನೆ: ನಾನು ರಾಣೆಬೆನ್ನೂರಿನವನು. ನಮ್ಮ ಪ್ರೋಗ್ರಾಂ ಹೊರಗಿನ ಸರ್ವರನ್ನು ಮುಟ್ಟಲು ಕಚೇರಿಯ ಪ್ರಾಕ್ಸಿಯ (ನಡುವಿನ ಸರ್ವರಿನ) ಮೂಲಕ ಹೋಗಬೇಕು. ಪ್ರಾಕ್ಸಿಗೂ ಟಿಎಲ್‌ಎಸ್, ಅದರೊಳಗೆ ಸರ್ವರಿಗೂ ಟಿಎಲ್‌ಎಸ್. ಒಂದು ಪದರವಿದ್ದಾಗ ಸರಿಯಾಗಿದ್ದದ್ದು ಎರಡಾದಾಗ ಹ್ಯಾಂಡ್‌ಶೇಕಿನ ನಡುವೆಯೇ ನಿಂತುಬಿಡುತ್ತದೆ. ಒಳಗಿನ ಪದರ ‘ವಾಂಟ್ ರೀಡ್’ ಎನ್ನುತ್ತದೆ, ನಾನು ಸಾಕೆಟ್ಟಿನ ಓದಿಗೆ ಕಾಯುತ್ತೇನೆ, ಅದು ಬರುವುದೇ ಇಲ್ಲ. ಇದು ಮಾಡಬಾರದ ಕೆಲಸವೇ?

ಉತ್ತರ: ಮಾಡಬಾರದ್ದೇನಲ್ಲ. ಜಾಲದ ಮೂಲಕ ಕಡತ ತರಲು ಎಲ್ಲರೂ ಬಳಸುವ ಕರ್ಲ್ ಪ್ರೋಗ್ರಾಮಿನಲ್ಲಿ 2016ರ ಡಿಸೆಂಬರಿನ 7.52.0 ಆವೃತ್ತಿಯಿಂದ ಇಂತಹ ಪ್ರಾಕ್ಸಿಗೆ ಅವಕಾಶವಿದೆ. ಆದರೆ ಮೇಲಿನ ಎರಡು ಪತ್ರಗಳ ತೊಡಕುಗಳು ಇಲ್ಲಿ ಒಂದರ ಮೇಲೊಂದು ಕೂರುತ್ತವೆ.

ಒಳಗಿನ ಟಿಎಲ್‌ಎಸ್ ‘ವಾಂಟ್ ರೀಡ್’ ಎಂದಾಗ ಅದು ಸಾಕೆಟ್ಟಿನ ಮಾತನ್ನು ಆಡುತ್ತಿಲ್ಲ. ಸಾಕೆಟ್ ಎಂಬುದೊಂದು ಇದೆಯೆಂದೇ ಅದಕ್ಕೆ ಗೊತ್ತಿಲ್ಲ. ನನ್ನ ಕೆಳಗಿನವರು ನನಗೆ ಬೈಟು ಕೊಡಲಿ ಎಂದಷ್ಟೇ ಅದರ ಬೇಡಿಕೆ. ಕೆಳಗಿನವರೆಂದರೆ ಹೊರಗಿನ ಟಿಎಲ್‌ಎಸ್. ಆ ಬೈಟುಗಳು ಹೊರಗಿನ ಪದರದಲ್ಲಿ ಆಗಲೇ ಬಿಡಿಸಿಟ್ಟಿರಬಹುದು, ಆಗ ಕಾಯುವ ಅಗತ್ಯವೇ ಇಲ್ಲ, ಕಾದರೆ ಹುಬ್ಬಳ್ಳಿಯವರ ಗತಿಯೇ ನಿಮ್ಮದು. ಅಥವಾ ಒಳಗಿನ ಹ್ಯಾಂಡ್‌ಶೇಕ್ ತಯಾರಿಸಿದ ಸಂದೇಶ ನಡುವಿನ ಬಫರಿನಲ್ಲಿಯೇ ಉಳಿದಿದ್ದು, ಎದುರಿನ ಸರ್ವರ್ ಅದು ಸಿಗದೆ ಸುಮ್ಮನೆ ಕುಳಿತಿರಬಹುದು. ನಿಮ್ಮ ತೊಂದರೆ ಈ ಎರಡನೆಯದಿರಬೇಕು ಎಂದು ನನ್ನ ಊಹೆ, ಏಕೆಂದರೆ ನೀವು ನಿಂತಿರುವುದು ಹ್ಯಾಂಡ್‌ಶೇಕಿನಲ್ಲಿ. ಸಾಕೆಟ್ಟಿನ ಬದಲು ಮೆಮೊರಿಯಲ್ಲಿ ಬೈಟು ಹಿಡಿದಿಡುವ ಮೆಮೊರಿ ಬಯೋ ಬಳಸುವವರು ಒಳಗಿನ ಪದರಕ್ಕೆ ಬೈಟು ಉಣಿಸುವುದನ್ನು ನೆನಪಿಡುತ್ತಾರೆ, ಅದು ಉಗುಳಿದ್ದನ್ನು ಎತ್ತಿ ಹೊರಗಿನ ಪದರಕ್ಕೆ ಹಾಕುವುದನ್ನು ಮರೆಯುತ್ತಾರೆ. ಒಳಗಿನ ಪದರದ ಪ್ರತಿ ಕರೆಯ ನಂತರವೂ, ಅದು ಓದಿನ ಕರೆಯೇ ಆಗಿದ್ದರೂ, ಅದರ ಕೆಳಗಿನ ಬಫರಿನಲ್ಲಿ ಹೊರಹೋಗಬೇಕಾದದ್ದು ಇದೆಯೇ ಎಂದು ನೋಡಿ, ಇದ್ದರೆ ಹೊರಗಿನ ‘ಎಸ್‌ಎಸ್‌ಎಲ್ ರೈಟ್’ಗೆ ಕೊಡಿ. ಆ ರೈಟ್ ‘ವಾಂಟ್ ರೈಟ್’ ಎಂದರೆ, ಆಗ ನೀವು ಕಾಯಬೇಕಾದದ್ದು ಸಾಕೆಟ್ಟಿನ ಬರಹಕ್ಕೆ, ಒಳಗಿನ ಪದರ ಓದು ಓದು ಎಂದು ಕೇಳುತ್ತಿದ್ದರೂ.

ಹಾಗಾಗಿ ಈಪೋಲ್‌ಗೆ ಯಾವ ಹೆಸರು ಹಚ್ಚಬೇಕು ಎಂಬ ಪ್ರಶ್ನೆಯನ್ನು ಕೇಳಬೇಕಾದದ್ದು ಅತ್ಯಂತ ಕೆಳಗಿನ ಪದರವನ್ನು. ಮೇಲಿನ ಪದರ ತನ್ನ ಬೇಡಿಕೆಯನ್ನು ಕೆಳಗಿನದಕ್ಕೆ ಓದು ಅಥವಾ ಬರಹದ ಕರೆಯಾಗಿ ಒಪ್ಪಿಸಬೇಕು, ಆ ಕೆಳಗಿನದು ತನ್ನ ಉತ್ತರವಾಗಿ ಏನು ಕೇಳುತ್ತದೆಯೋ ಅದು ಮಾತ್ರ ಸಾಕೆಟ್ಟಿಗೆ ತಲುಪಬೇಕು. ಸೂಚನೆ ಬಂದಾಗ ಪ್ರಯಾಣ ಕೆಳಗಿನಿಂದ ಮೇಲಕ್ಕೆ: ಹೊರಗಿನದನ್ನು ಓದಿ, ಸಿಕ್ಕಿದ್ದನ್ನು ಒಳಗಿನದಕ್ಕೆ ಕೊಟ್ಟು, ಒಳಗಿನದು ಹುಟ್ಟಿಸಿದ್ದನ್ನು ಮತ್ತೆ ಹೊರಗೆ ಹಾಕಿ, ಯಾವ ಪದರದಲ್ಲಿಯೂ ಒಂದು ಬೈಟೂ ಚಲಿಸದೆ ಹೋದಾಗ ಮಾತ್ರ ಮಲಗಬೇಕು.

ಇಲ್ಲಿ ಒಂದು ಸ್ವಾರಸ್ಯಕರ ಲೆಕ್ಕವಿದೆ. ಒಳಗಿನ ಪದರ 16,384 ಬೈಟಿನ ತುಂಬಿದ ರೆಕಾರ್ಡ್ ಮಾಡಿತೆನ್ನಿ. ಟಿಎಲ್‌ಎಸ್ 1.3ರಲ್ಲಿ ಅದಕ್ಕೆ 5 ಬೈಟಿನ ತಲೆಬರಹ, ಬಗೆಯನ್ನು ಹೇಳುವ 1 ಬೈಟ್ ಮತ್ತು 16 ಬೈಟಿನ ಮುದ್ರೆ ಸೇರಿ 16,406 ಆಗುತ್ತದೆ. ಹೊರಗಿನ ರೆಕಾರ್ಡಿನಲ್ಲಿ ಹಿಡಿಯುವುದು 16,384 ಮಾತ್ರ! ಉಳಿದ 22 ಬೈಟುಗಳಿಗಾಗಿ ಹೊರಗಿನ ಪದರ ಇನ್ನೊಂದು ಚಿಕ್ಕ ರೆಕಾರ್ಡ್ ಮಾಡಬೇಕು, ಅದಕ್ಕೂ 22 ಬೈಟಿನ ಹೊದಿಕೆ ಬೇಕು. ಪರಿಣಾಮವಾಗಿ ಸ್ವೀಕರಿಸುವ ಕಡೆ ಹೊರಗಿನ ಪದರ ಒಂದು ತುಂಬು ರೆಕಾರ್ಡನ್ನು ಬಿಡಿಸಿ ಕೊಟ್ಟರೂ ಒಳಗಿನದು 22 ಬೈಟ್ ಕಡಿಮೆಯೆಂದು ‘ವಾಂಟ್ ರೀಡ್’ ಎನ್ನುತ್ತದೆ. ದೊಡ್ಡ ಕಡತ ಕಳಿಸುವಾಗ ಒಳಗಿನ ಪದರಕ್ಕೆ ಒಂದು ಸಲಕ್ಕೆ 16,000 ಬೈಟುಗಳಿಗಿಂತ ಹೆಚ್ಚು ಕೊಡದಿದ್ದರೆ ಈ ಬಾಲದ ರೆಕಾರ್ಡಿನ ಕಾಟ ತಪ್ಪುತ್ತದೆ. ಬಾಲವನ್ನು ನಿಭಾಯಿಸುವ ಕೋಡ್ ಮಾತ್ರ ಹೇಗೂ ಇರಲೇಬೇಕು, ಏಕೆಂದರೆ ಎದುರಿನವರು ಎಷ್ಟು ಕಳಿಸುತ್ತಾರೆ ಎಂಬುದು ನಿಮ್ಮ ಕೈಯಲ್ಲಿಲ್ಲ.

ಮುಚ್ಚುವಾಗ ಒಳಗಿನಿಂದ ಹೊರಕ್ಕೆ ಬನ್ನಿ: ಮೊದಲು ಒಳಗಿನ ‘ಕ್ಲೋಸ್ ನೋಟಿಫೈ’ (ಮುಚ್ಚುತ್ತಿದ್ದೇನೆ ಎಂಬ ಸಂದೇಶ), ಅದು ಹೊರಗಿನ ಪದರವನ್ನು ದಾಟಿ ಹೋದ ಮೇಲೆ ಹೊರಗಿನದು, ಆಮೇಲೆ ಸಾಕೆಟ್. ಸ್ವೀಕರಿಸುವಾಗ ಒಳಗಿನದು ಬಾರದೆ ಹೊರಗಿನದು ಮಾತ್ರ ಮುಚ್ಚಿಕೊಂಡರೆ, ಪ್ರಾಕ್ಸಿ ಕೈಬಿಟ್ಟಿದೆ ಎಂದಷ್ಟೇ ತಿಳಿಯಿರಿ. ಮಾಹಿತಿ ಪೂರ್ತಿಯಾಯಿತು ಎಂದಲ್ಲ. ಓಪನ್‌ಎಸ್‌ಎಸ್‌ಎಲ್ 3.0 ಇಂತಹ ಅರ್ಧಕ್ಕೆ ಕಡಿದ ಸಂಪರ್ಕವನ್ನು ‘ಅನ್‌ಎಕ್ಸ್‌ಪೆಕ್ಟೆಡ್ ಇಒಎಫ್’ ಎಂಬ ದೋಷವಾಗಿಯೇ ತೋರಿಸುತ್ತದೆ, ಆ ದೋಷವನ್ನು ನುಂಗಿಹಾಕಬೇಡಿ.

ಪ್ರಶ್ನೆ: ಧಾರವಾಡದ ಕಾಲೇಜಿನಲ್ಲಿ ನೆಟ್‌ವರ್ಕ್ ಪಾಠ ಮಾಡುತ್ತೇನೆ. ನಮ್ಮ ಲ್ಯಾಬಿನ ನೆಟ್‌ವರ್ಕ್ ವೇಗವಾಗಿರುವುದರಿಂದ ‘ವಾಂಟ್ ರೀಡ್’ ಎಂಬುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣುವುದೇ ಇಲ್ಲ. ತೋರಿಸಲು ಸುಲಭದ ದಾರಿ ಇದೆಯೇ?

ಉತ್ತರ: ಇದೆ, ಅದಕ್ಕೆ ನೆಟ್‌ವರ್ಕೇ ಬೇಡ. ಪೈಥಾನ್ 3.5ರಿಂದ ಅದರ ಎಸ್‌ಎಸ್‌ಎಲ್ ಮಾಡ್ಯೂಲಿನಲ್ಲಿ ‘ಮೆಮೊರಿ ಬಯೋ’ ಮತ್ತು ‘ಎಸ್‌ಎಸ್‌ಎಲ್ ಆಬ್ಜೆಕ್ಟ್’ ಎಂಬ ಎರಡು ವಸ್ತುಗಳಿವೆ. ಒಂದೇ ಪ್ರೋಗ್ರಾಮಿನಲ್ಲಿ ಕ್ಲೈಂಟ್ ಒಂದು, ಸರ್ವರ್ ಒಂದು ಮಾಡಿ, ಒಂದರ ಹೊರಹೋಗುವ ಬಯೋದಿಂದ ತೆಗೆದ ಬೈಟುಗಳನ್ನು ಇನ್ನೊಂದರ ಒಳಬರುವ ಬಯೋಗೆ ನೀವೇ ಹಾಕಿ. ಹ್ಯಾಂಡ್‌ಶೇಕ್ ಮುಗಿದ ಮೇಲೆ ಕ್ಲೈಂಟ್ ಕಡೆಯಿಂದ ಒಂದು ಕನ್ನಡ ವಾಕ್ಯ ಬರೆಸಿ, ಹುಟ್ಟಿದ ರೆಕಾರ್ಡನ್ನು ಸರ್ವರಿನ ಬಯೋಗೆ ಒಂದೊಂದೇ ಬೈಟಾಗಿ ಹಾಕುತ್ತ, ಪ್ರತಿ ಬೈಟಿನ ನಂತರವೂ ‘ರೀಡ್’ ಕರೆಯಲು ವಿದ್ಯಾರ್ಥಿಗಳಿಗೆ ಹೇಳಿ. ಪ್ರತಿ ಸಲವೂ ‘ಎಸ್‌ಎಸ್‌ಎಲ್ ವಾಂಟ್ ರೀಡ್ ಎರರ್’ ಬರುತ್ತದೆ, ಕೊನೆಯ ಬೈಟ್ ಬಿದ್ದಾಗ ಇಡೀ ವಾಕ್ಯ ಒಮ್ಮೆಲೇ ಬರುತ್ತದೆ. ಅದಾದ ಮೇಲೆ ‘ರೀಡ್’ಗೆ ಐದು ಬೈಟಿನ ಮಿತಿಯನ್ನು ಕೊಟ್ಟು ಅದೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿಸಿ, ಐದು ಬೈಟ್ ಬಂದೊಡನೆ ‘ಪೆಂಡಿಂಗ್’ ಎಷ್ಟೆಂದು ಕೇಳಿಸಿ; ಒಳಬರುವ ಬಯೋ ಬರಿದಾಗಿದ್ದರೂ ‘ಪೆಂಡಿಂಗ್’ ಸೊನ್ನೆಯಲ್ಲ ಎಂಬುದು ಪರದೆಯ ಮೇಲೆಯೇ ಕಾಣುತ್ತದೆ. ಜಾವಾ ಕಲಿಸುವವರಾದರೆ ‘ಎಸ್‌ಎಸ್‌ಎಲ್ ಎಂಜಿನ್’ ಬಳಸಬಹುದು, ಅದು ‘ನೀಡ್ ರ‍್ಯಾಪ್’, ‘ನೀಡ್ ಅನ್‌ರ‍್ಯಾಪ್’ ಎಂದು ತನ್ನ ಬೇಡಿಕೆಯನ್ನು ಹೆಸರಿಟ್ಟೇ ಹೇಳುತ್ತದೆ. ಆದರೆ ಅದರ ಬಫರುಗಳನ್ನು ತಿರುಗಿಸಿಡುವ ಗೋಜಿನಲ್ಲಿಯೇ ಒಂದು ಲ್ಯಾಬ್ ಅವಧಿ ಕಳೆದುಹೋಗುವುದರಿಂದ, ಮೊದಲ ವಾರಕ್ಕೆ ಪೈಥಾನ್ ಸಾಕು.